ಬಾಲಕ್ಕೆ ಹಾಕಿದ ಸಹಿ

ಹೊಸ ಗುರುತಿನ ಚೀಟಿಯಲ್ಲಿ ಜಸ್ಟೀನಾ ವೀಬ್ ಎಂಬ ಹೆಸರಿನ ಕೆಳಗೆ 'ಪ್ರಯೋಗಾಲಯ ಸಹಾಯಕಿ' ಎಂದು ಅಚ್ಚಾಗಿತ್ತು. ನಿನ್ನೆಯವರೆಗೆ ಅಲ್ಲಿ 'ಹಿರಿಯ ತಂತ್ರಜ್ಞೆ' ಎಂದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಚೀಟಿ ಹಂಚುತ್ತಿದ್ದ ಹೆಂಗಸು ತಲೆ ಎತ್ತದೆಯೇ, "ಹೆಸರುಗಳನ್ನೆಲ್ಲ ಸುಲಭ ಮಾಡಿದಾರೆ ಮೇಡಂ. ಈಗ ಮೂರೇ ಜಾತಿ. ಡಾಕ್ಟ್ರು, ನರ್ಸು, ಸಹಾಯಕರು. ಇಲ್ಲೊಂದು ಸಹಿ ಹಾಕಿ," ಎಂದಳು. ಜಸ್ಟೀನಾ ಹಾಕಿದಳು. ಸಿಟ್ಟು ಅವಳಿಗೆ ಯಾವಾಗಲೂ ಒಂದು ಮಹಡಿ ತಡವಾಗಿ ಬರುತ್ತಿತ್ತು. ಲಿಫ್ಟಿನ ಬಾಗಿಲು ಮುಚ್ಚಿ, ಎಲ್ಲರ ಬೂಟುಗಳಿಂದ ಕರಗಿ ಹರಡಿದ್ದ ಮಾರ್ಚ್ ತಿಂಗಳ, ರಸ್ತೆಯ ಉಪ್ಪು ಬೆರೆತ ಹಿಮದ ರಾಡಿಯನ್ನು ನೋಡುತ್ತ ನಿಂತವಳಿಗೆ, ಎರಡನೆಯ ಮಹಡಿ ದಾಟುವಾಗ, ಸಹಿ ಹಾಕಿದ ತನ್ನ ಬಲಗೈಯ ಮೇಲೆಯೇ ಹೇಸಿಗೆ ಹುಟ್ಟಿತು. ಮೂವತ್ತನಾಲ್ಕು ವರ್ಷ ಈ ಊರಿನ ರಕ್ತ ನೋಡಿದ ಕೈ. ವಿನ್ನಿಪೆಗ್‌ನ ಅರ್ಧ ಜನರ ಒಳಗಿನ ಎಣಿಕೆ ಅವರಿಗಿಂತ ಮೊದಲು ತಿಳಿದ ಕೈ. ಏನು ಬರೆದಿದೆ ಎಂದು ಓದಿದ ಮೇಲೂ 'ಇದು ನಾನಲ್ಲ' ಎನ್ನದೆ ಸಹಿ ಹಾಕುವ ಕೈ. ಚೀಟಿಯನ್ನು ಮಗುಚಿ, ಖಾಲಿ ಬೆನ್ನು ಹೊರಗೆ ಕಾಣುವಂತೆ ಕೊರಳಿಗೆ ಹಾಕಿಕೊಂಡಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದು ತಾನಾಗಿ ತಿರುಗಿ ಮತ್ತೆ ಮುಖ ತೋರಿಸಿತು.

ಪ್ರಯೋಗಾಲಯದಲ್ಲಿ ಮರಿವಿಕ್ ಆಗಲೇ ಬಂದು ಕೂತಿದ್ದಳು. ಫಿಲಿಪ್ಪೀನ್ಸಿನಿಂದ ಬಂದು ಎಂಟು ವರ್ಷವಾಗಿದ್ದರೂ ತನ್ನ ಊರಿನ ರೂಢಿ ಬಿಟ್ಟವಳಲ್ಲ. ತನಗಿಂತ ಹಿರಿಯಳಾದ ಯಾರನ್ನೂ ಬರಿಯ ಹೆಸರು ಹಿಡಿದು ಕರೆಯಲು ಅವಳ ನಾಲಿಗೆ ಏಳುತ್ತಿರಲಿಲ್ಲ. "ಅಕ್ಕಾ, ನಿಮ್ದೂ ಹಂಗೇ ಬಂತಾ?" ಎಂದು ತನ್ನ ಚೀಟಿ ಎತ್ತಿ ತೋರಿಸಿದಳು. "ನಂದು ನೋಡಿ, ಫೋಟೋದಲ್ಲಿ ಕಣ್ಣು ಮುಚ್ಕೊಂಡಿದೀನಿ. ಸಹಾಯಕಿ, ಅದ್ರಲ್ಲೂ ನಿದ್ದೆ ಹೊಡೆಯೋ ಸಹಾಯಕಿ." ಜಸ್ಟೀನಾ ನಗಲು ನೋಡಿದಳು. ಮರಿವಿಕ್‌ಳ ಕೆಲಸ ಪ್ರತಿ ಜೂನ್‌ಗೆ ಮುಗಿದು ಮತ್ತೆ ಮೊದಲಾಗುವಂಥದ್ದು. ನಿರ್ದೇಶಕರು ಬೇಡವೆಂದರೆ ಮುಗಿದೇ ಹೋಗುವಂಥದ್ದು. ಹಾಗಾಗಿ ಅವಳ ನಗೆಯಲ್ಲಿ ಸದಾ ಸ್ವಲ್ಪ ಅವಸರವಿರುತ್ತಿತ್ತು. ಜಸ್ಟೀನಾ ಬಿಳಿ ಕೋಟು ತೊಟ್ಟು, ಕೈಗವಸು ಎಳೆದುಕೊಂಡು, ಬೆಳಗಿನ ಕೀರ್ತನೆಯನ್ನು ತುಟಿಯೊಳಗೇ ಹೇಳಿಕೊಂಡಳು. ಆಲ್ಟೋನಾದ ಆಚೆ, ಮೆನೊನೈಟ್ ಎಂಬ ಕ್ರೈಸ್ತ ಪಂಥದವರ ಹಳ್ಳಿಯಲ್ಲಿ ಅಪ್ಪ ಎಂಟು ಮಕ್ಕಳನ್ನೂ ಗಂಜಿಯ ಬಟ್ಟಲಿನ ಮುಂದೆ ಸಾಲಾಗಿ ನಿಲ್ಲಿಸಿ ಹೇಳಿಸುತ್ತಿದ್ದುದು ಅದು. ಎಡವಿದವರಿಗೆ ಗಂಜಿ ಕೊನೆಗೆ. ಇವಳು ಎಡವುತ್ತಿರಲಿಲ್ಲ, ಆದರೆ ಜೋರಾಗಿ ಹೇಳುತ್ತಲೂ ಇರಲಿಲ್ಲ. "ದೇವರಿಗೆ ಕಿವಿ ಚುರುಕು ಜಸ್ಟೀನಾ, ನಮಗೆ ಅಷ್ಟಿಲ್ಲ," ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಗಂಜಿ ಆರುತ್ತಿತ್ತು.

ಮೇಜಿನ ಮೇಲೆ ಮರಿವಿಕ್ ಇಟ್ಟಿದ್ದ ಮೊದಲ ವರದಿ ಅಂಬ್ರೋಸ್ ಡೆಜಾರ್ಲೆಯದು. ಸಹಾಯಕ ಟಿ ಕಣಗಳು: ಇನ್ನೂರ ಮೂವತ್ತಾರು. ಕೆಳಗೆ ಮೊದಲ ಸಹಿಯ ಜಾಗದಲ್ಲಿ ಎಂ.ಬಿ. ಎಂದು ಮರಿವಿಕ್‌ಳ ಸಹಿಯಿತ್ತು. ಎರಡನೆಯ ಜಾಗ ಖಾಲಿ, ಅದು ಇವಳದು. ಎರಡು ಸಹಿ ಬೀಳದೆ ಯಾವ ವರದಿಯೂ ಮೇಲಿನ ಮಹಡಿಯ ಕ್ಲಿನಿಕ್ಕಿಗೆ ಹೋಗುವಂತಿಲ್ಲ, ಬಿದ್ದ ಮೇಲೆ ಯಾರೂ ಅದನ್ನು ಅಳಿಸುವಂತಿಲ್ಲ. ಅಂಬ್ರೋಸ್‌ನನ್ನು ಅವಳು ಬಲ್ಲಳು. ಬಲ್ಲೆನೆಂದು ಹೇಳುವಂತಿಲ್ಲ, ಪ್ರಯೋಗಾಲಯದವರು ರೋಗಿಗಳೊಡನೆ ಮಾತಾಡಕೂಡದು. ಆದರೆ ರಕ್ತ ಕೊಟ್ಟು ಹೋಗುವಾಗಲೆಲ್ಲ ಆತ ಓಣಿಯ ಕಡೆಯ ಗಾಜಿನ ಕಿಂಡಿಯನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತಿದ್ದ. ಶಾಲೆಯ ಬಸ್ಸು ಓಡಿಸುವವನು, ಅರವತ್ತರ ಹತ್ತಿರ. "ಏನಮ್ಮಾ ಎಣಿಕೆಯಮ್ಮ, ನಮ್ಮ ಹುಡುಗರು ಚೆನ್ನಾಗಿದಾರಾ? ಒಂದು ಕಾಲ್ದಲ್ಲಿ ಹನ್ನೊಂದೇ ಜನ ಉಳಿದಿದ್ರು. ಎಲ್ರಿಗೂ ಹೆಸರಿಟ್ಟಿದ್ದೆ. ಒಂದು ಐಸ್ ಹಾಕಿ ತಂಡ, ಆಡೋರು ಆರು, ಬೆಂಚಿನ ಮೇಲೆ ಐದು ಜನ!" ಎಂದು ಗಾಜಿನಾಚೆಯಿಂದ ಕೂಗುತ್ತಿದ್ದ. ಅವಳು ಗಾಜಿನೀಚೆಯಿಂದ ತಲೆಯಾಡಿಸುತ್ತಿದ್ದಳು. ಅಷ್ಟೇ. ಆತನಿಗೆ ಎಚ್‌ಐವಿ. ಈ ಕಣಗಳ ಎಣಿಕೆ ಇನ್ನೂರರ ಕೆಳಗಿರುವವರೆಗೂ ನ್ಯುಮೋನಿಯಾ ತಡೆಯುವ ಮಾತ್ರೆಯೊಂದನ್ನು ಆತ ದಿನವೂ ನುಂಗಬೇಕು. ಅದರಿಂದ ಮೈ ಕೆರೆಯುತ್ತದೆ, ಬಿಸಿಲಿಗೆ ಹೋದರೆ ಚರ್ಮ ಕೆಂಪಾಗಿ ಸುಲಿಯುತ್ತದೆ. ನಾಲ್ಕು ಬೇಸಿಗೆಯಿಂದ ದೋಣಿ ಇಳಿಸಿಲ್ಲವಂತೆ. ಎರಡು ವರದಿಗಳು ಮೂರು ತಿಂಗಳ ಅಂತರದಲ್ಲಿ ಇನ್ನೂರು ದಾಟಿದರೆ ಮಾತ್ರೆ ನಿಲ್ಲಿಸಬಹುದು. ಡಿಸೆಂಬರಿನಲ್ಲಿ ಇನ್ನೂರ ಹದಿನಾಲ್ಕು. ಇವತ್ತು ಇನ್ನೂರ ಮೂವತ್ತಾರು. ಮಧ್ಯಾಹ್ನ ಎರಡಕ್ಕೆ ಮೇಲೆ ಡಾಕ್ಟರ ಭೇಟಿ.

ಅವಳು ತೆರೆಯ ಮೇಲೆ ಅವನ ಚುಕ್ಕೆಗಳನ್ನು ಕರೆದಳು. ಒಂದೊಂದು ಕಣವೂ ಸಾಲಿನಲ್ಲಿ ಬಂದು ಬೆಳಕಿನ ಮುಂದೆ ಹಾದು ಒಂದೊಂದು ಚುಕ್ಕೆಯಾಗುತ್ತದೆ. ಯಾವ ಗುಂಪನ್ನು ಎಣಿಸಬೇಕೋ ಅದರ ಸುತ್ತ ಗೆರೆ ಎಳೆಯುವುದಕ್ಕೆ ಇಲ್ಲಿಯವರು ಗೇಟು ಹಾಕುವುದು ಎನ್ನುತ್ತಾರೆ. ಬಲಗಡೆ ಮೇಲೆ ಒತ್ತಾಗಿ ಹೊಳೆಯುವ ಪುಟ್ಟ ಮೋಡ ಸಹಾಯಕ ಕಣಗಳದು. ಅದರ ಕೆಳಗೆ, ಮಸುಕಾಗಿ, ಬಾಲದಂತೆ ಇಳಿದದ್ದು ಇನ್ನೊಂದು ಜಾತಿಯದು, ಮಾನೊಸೈಟ್ ಎಂಬ ದಪ್ಪ ಕಣಗಳದು. ಸಹಾಯಕ ಕಣದ ಮೈಮೇಲಿರುವ ಗುರುತೇ ಇವುಗಳ ಮೇಲೂ ತುಸು ಇರುತ್ತದೆ, ತೊಳೆದರೂ ಹೋಗದ ಕಲೆಯಂತೆ. ಆದ್ದರಿಂದ ಮೊದಲೆಲ್ಲ ಪ್ರತಿ ಕಣಕ್ಕೂ ಎರಡು ಪ್ರಶ್ನೆ ಕೇಳುತ್ತಿದ್ದರು, ಎರಡು ಬಣ್ಣ ಅಂಟಿಸಿ: ನೀನು ಟಿ ಕಣವೇನು? ಹೌದಾದರೆ, ಸಹಾಯಕನೇನು? ನವೆಂಬರಿನಲ್ಲಿ ಪ್ರಯೋಗಾಲಯದ ನಿರ್ದೇಶಕ ಡಾಕ್ಟರ್ ಪ್ರಿಂಗಲ್ ಹೊಸ ವಿಧಾನ ತಂದರು. ಒಂದೇ ಪ್ರಶ್ನೆ, ಗೇಟನ್ನು ಯಂತ್ರವೇ ಹಾಕುತ್ತದೆ, ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. 'ಸಹಾಯಕನೇನು?' ಎಂದು ಮಾತ್ರ ಕೇಳಿದರೆ ಆ ದಪ್ಪ ಕಣಗಳೂ ಮೆಲ್ಲನೆ ಹೌದು ಎನ್ನುತ್ತವೆ. ಈಗ ತೆರೆಯ ಮೇಲೆ ಯಂತ್ರ ಎಳೆದ ಹಸಿರು ಗೆರೆ ಬಾಲವನ್ನು ಹೆಚ್ಚೂ ಕಡಿಮೆ ಪೂರ್ತಿ ಒಳಗೆ ಹಾಕಿಕೊಂಡಿತ್ತು. ಬಾಲದ ಚುಕ್ಕೆಗಳಿಗೆ ಅವಳು ಹೊಸಬಳಲ್ಲ. ಡಿಸೆಂಬರಿನಲ್ಲೂ ಹೀಗೇ ಇತ್ತು. ಕಂಡಿತ್ತು. ಕಂಡಿರಲಿಲ್ಲ ಎಂದು ಯಾರಾದರೂ ಹೇಳಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಬಾಗಿಲು ತೆರೆದು ಪ್ರಿಂಗಲ್ ಆರು ಮಂದಿ ನರ್ಸಿಂಗ್ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ಪ್ರಿಂಗಲ್ ಅವಳಿಗಿಂತ ಹದಿನೇಳು ವರ್ಷ ಚಿಕ್ಕವರು, ಸದಾ ಈಗಷ್ಟೇ ಸ್ನಾನ ಮಾಡಿ ಬಂದಂತಿರುವವರು. "ಬನ್ನಿ ಬನ್ನಿ, ಇದು ನಮ್ಮ ಕಾರ್ಖಾನೆ," ಎಂದು ತೆರೆಯ ಮೇಲಿನ ಮೋಡಕ್ಕೆ ಪೆನ್ನು ಚುಚ್ಚಿದರು, ಅಂಬ್ರೋಸ್‌ನ ಮೋಡಕ್ಕೆ. "ಇದು ಸಹಾಯಕ ಟಿ ಕಣ. ಹೆಸರೇ ಹೇಳುತ್ತೆ. ಇದು ಸ್ವತಃ ಏನೂ ಮಾಡಲ್ಲ. ಕೊಲ್ಲೋದು ಇನ್ನೊಬ್ಬರು, ನುಂಗೋದು ಇನ್ನೊಬ್ಬರು, ಪ್ರತಿಕಾಯ ಮಾಡೋದು ಬಿ ಕಣ. ಯುದ್ಧದಲ್ಲಿ ಚೀಟಿ ಒಯ್ಯೋ ಜವಾನ ಅಂತಿಟ್ಕೊಳ್ಳಿ." ಆಮೇಲೆ ಕೊಂಚ ಬಾಗಿ, ಅವಳ ಎದೆಯ ಮೇಲಿನ ಚೀಟಿಯನ್ನು ಓದಿದರು. ಅದು ಆ ಕ್ಷಣಕ್ಕೆ ಸರಿಯಾಗಿ ಮುಖ ತಿರುಗಿಸಿಕೊಂಡಿತ್ತು. "ನೋಡಿ, ಪುಣ್ಯಕ್ಕೆ ಉದಾಹರಣೆ ಇಲ್ಲೇ ಕೂತಿದೆ. ನಮ್ಮ ಜಸ್ಟೀನಾ ತಾಯಿ, ಸಹಾಯಕಿ!" ಆರು ಮಂದಿಯಲ್ಲಿ ಐವರು ನಕ್ಕರು. ಮರಿವಿಕ್ ನಳಿಕೆಗಳ ಮೇಲೆ ಬಗ್ಗಿದಳು. ನಗದಿದ್ದ ಒಬ್ಬಳು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದವಳು, "ಸರ್, ಹಂಗಾದ್ರೆ ಎಚ್‌ಐವಿ ಬಂದು ಅದನ್ನೇ ಯಾಕೆ ಹಿಡಿಯುತ್ತೆ? ಜವಾನ ಸತ್ತರೆ ಯುದ್ಧ ಯಾಕೆ ನಿಲ್ಲಬೇಕು?" ಎಂದು ಕೇಳಿದಳು. ಪ್ರಿಂಗಲ್ ಗಡಿಯಾರ ನೋಡಿಕೊಂಡರು. "ಒಳ್ಳೇ ಪ್ರಶ್ನೆ. ಮುಂದಿನ ಕೋಣೇಲಿ ಅದಕ್ಕೊಂದು ಚಿತ್ರ ಇದೆ." ಹುಡುಗಿ ಹೋಗುತ್ತ ಹೋಗುತ್ತ ಜಸ್ಟೀನಾಳ ಕಡೆ ಒಮ್ಮೆ ತಿರುಗಿದಳು, ಇವಳಿಗೇನಾದರೂ ಗೊತ್ತಿರಬಹುದು ಎಂಬಂತೆ.

ಗೊತ್ತಿತ್ತು. ಎದೆಯ ತುಂಬ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಯುದ್ಧವಂತೆ. ಇವರಿಗೆ ಮೈಯೊಳಗೂ ಯುದ್ಧವೇ ಬೇಕು, ಜವಾನರು, ಸೇನಾಪತಿಗಳು. ಬಂದೂಕು ಹಿಡಿಯುವುದಿಲ್ಲ ಎಂದು ಮೂರು ದೇಶ ಬಿಟ್ಟು ಬಂದ ಜನರ ಮಗಳು ಅವಳು. ಇಡೀ ರಕ್ತದಲ್ಲಿ ಯಾರನ್ನೂ ಕೊಲ್ಲದೆ ಎಲ್ಲವನ್ನೂ ನಡೆಸುವ ಈ ಒಂದು ಕಣವನ್ನು ಮೊದಲ ಸಲ ಓದಿಕೊಂಡಾಗ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದಳು. ಅವಳಿಗೆ ಆಗ ನೆನಪಾದದ್ದು ಅಪ್ಪ. ಹಳ್ಳಿಯ ಚರ್ಚಿನಲ್ಲಿ ವಾದ್ಯವಿರಲಿಲ್ಲ, ಅಪ್ಪ ಮುಂಗಾಯಕನಾಗಿದ್ದ. ಅವನ ಕಂಠವೇನೂ ದೊಡ್ಡದಲ್ಲ. ಆದರೆ ಅವನು ಎದ್ದು, ಸಾಲಿನ ಮೊದಲ ಪದವನ್ನು ಎಳೆದು ಎತ್ತಿಕೊಡದೆ ಆ ಇನ್ನೂರು ಜನರಲ್ಲಿ ಒಬ್ಬರೂ ಬಾಯಿ ತೆರೆಯುತ್ತಿರಲಿಲ್ಲ. ಹಾಡು ಬಾರದೆಂದಲ್ಲ, ಎಲ್ಲರಿಗೂ ಬಾಯಿಪಾಠ. ಎತ್ತಿಕೊಡುವವನು ಬೇಕು. ಒಂದು ಭಾನುವಾರ ಅಪ್ಪ ಜ್ವರದಲ್ಲಿ ಮನೆಯಲ್ಲಿ ಮಲಗಿದ್ದಾಗ ಇಡೀ ಸಭೆ ಪುಸ್ತಕ ಬಿಚ್ಚಿಕೊಂಡು ಕೂತೇ ಇತ್ತು. ಕೆಮ್ಮು, ಬೆಂಚಿನ ಕಿರುಗುಟ್ಟುವಿಕೆ, ಕಿಟಕಿಯ ಮೇಲೆ ನೊಣ. ಅದೇ ಎಚ್‌ಐವಿ, ಮಗಳೇ, ಎಂದು ಆ ಪೆನ್ಸಿಲ್ ಹುಡುಗಿಗೆ ಹೇಳಬೇಕಿತ್ತು. ಕೊಲ್ಲುವ ಕಣಗಳು ಅಲ್ಲೇ ಇರುತ್ತವೆ, ಬಿ ಕಣಗಳೂ ಇರುತ್ತವೆ, ಪುಸ್ತಕ ಬಿಚ್ಚಿಕೊಂಡು. ಮೊದಲ ಪದ ಎತ್ತಿಕೊಡುವವನು ಇರುವುದಿಲ್ಲ. ಆಗ ಬೇರೆಯವರಲ್ಲಿ ಸದ್ದಿಲ್ಲದೆ ಬಂದು ಹೋಗುವ ಒಂದು ಬೂಷ್ಟು ಶ್ವಾಸಕೋಶಕ್ಕೆ ಇಳಿದು ಮನೆ ಮಾಡುತ್ತದೆ. ಸಹಾಯಕ ಎಂದು ಇದಕ್ಕೆ ಹೆಸರಿಟ್ಟವರು ಯಾರೋ, ಕತ್ತಿ ಹಿಡಿದವರನ್ನು ಮಾತ್ರ ಕಾಣುವ ಕಣ್ಣಿನವರು.

ಮತ್ತೂ ಒಂದು ಸಂಗತಿಯಿತ್ತು, ಯಾರಿಗೂ ಹೇಳುವುದು ಬೇಡ ಎನಿಸುವಂಥದ್ದು. ಆ ಕಣ ತಾನಾಗಿ ಹೋಗಿ ಶತ್ರುವನ್ನು ಹುಡುಕುವುದಿಲ್ಲ. ಮೈಯ ಮೂಲೆಯಲ್ಲಿ ಏನನ್ನೋ ನುಂಗಿದ ಇನ್ನೊಂದು ಕಣ ಅದರ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಂದು ತೋರಿಸುತ್ತದೆ. ಸಾವಿರಾರು ಸಹಾಯಕ ಕಣಗಳು ಮುಟ್ಟಿ ನೋಡಿ ಮುಂದೆ ಹೋಗುತ್ತವೆ, ಯಾವುದೋ ಒಂದಕ್ಕೆ ಮಾತ್ರ ಆ ಚೂರಿನ ಗುರುತು ಸಿಗುತ್ತದೆ. ಆದರೆ ಗುರುತು ಸಿಕ್ಕರೆ ಸಾಲದು. ತೋರಿಸಿದವನು ಇನ್ನೊಂದು ಕೈಯಿಂದಲೂ ಮುಟ್ಟಿ, ಹೌದು, ಇದು ಅಪಾಯವೇ, ನಿನ್ನ ಕಣ್ಣು ಸುಳ್ಳಲ್ಲ ಎಂದು ಎರಡನೆಯ ಸನ್ನೆ ಮಾಡಬೇಕು. ಆಗ ಅದು ಒಂದು ಎರಡಾಗಿ, ಎರಡು ಸಾವಿರವಾಗಿ, ಇಡೀ ಮೈಗೆ ಹಾಡು ಎತ್ತಿಕೊಡುತ್ತದೆ. ಎರಡನೆಯ ಸನ್ನೆ ಬಾರದಿದ್ದರೆ? ಕಂಡದ್ದು ನಿಜವೇ. ಆದರೂ ಕಣ ಮೂಕವಾಗುತ್ತದೆ. ಸಾಯುವುದಿಲ್ಲ, ತೇಲಿಕೊಂಡಿರುತ್ತದೆ, ಎಣಿಸಿದರೆ ಎಣಿಕೆಗೂ ಸಿಗುತ್ತದೆ. ಮುಂದೆ ಅದೇ ಚೂರನ್ನು ಎರಡೂ ಕೈಯಿಂದ ತೋರಿಸಿದರೂ ಬಹುಮಟ್ಟಿಗೆ ಅದು ಏಳುವುದಿಲ್ಲ. ಡಿಸೆಂಬರಿನಲ್ಲಿ ಅವಳು ಅಂಬ್ರೋಸ್‌ನ ತೆರೆಯ ಮುಂದೆ ಕೂತು, "ಡಾಕ್ಟರ್, ಬಾಲ ಒಳಗೆ ಬಂದಿದೆ ಅನ್ಸುತ್ತೆ," ಎಂದಿದ್ದಳು. ಅನ್ಸುತ್ತೆ! ಆ ಪದ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕ್ರಿಸ್‌ಮಸ್ಸಿಗೆ ಅವಳೇ ಮಾಡಿ ತಂದಿದ್ದ ಪ್ಲಾಟ್ಸ್ ಎಂಬ ಪ್ಲಮ್ ಹಣ್ಣಿನ ಕೇಕಿನ ತುಂಡು ಬಾಯಲ್ಲಿಟ್ಟುಕೊಂಡೇ ಪ್ರಿಂಗಲ್, "ಜಸ್ಟೀನಾ ತಾಯಿ, ನಿಮ್ಮ ಕೆಲಸ ಸಹಾಯ, ಸಂಶಯ ಅಲ್ಲ," ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕು, ತಟ್ಟೆ ಮುಂದೆ ಸರಿಸಿ, ಇನ್ನೊಂದು ತಗೊಳ್ಳಿ ಎಂದು, ಜೆ.ವಿ. ಎಂದು ಸಹಿ ಹಾಕಿದ್ದಳು. ನ್ಯಾಯಾಲಯದಲ್ಲೂ ಆಣೆ ಇಡದ ಜನ ಅವಳವರು. ಆಡಿದ ಮಾತಿಗಿಂತ ದೊಡ್ಡ ಆಣೆ ಬೇರೆ ಏಕೆ ಎಂದು ಕೇಳುವವರು. ಅಂಥವರ ಮನೆಯಲ್ಲಿ ಹುಟ್ಟಿ ಬಾಲಕ್ಕೆ ಸಹಿ ಹಾಕಿದ್ದಳು.

ಗಂಟೆ ಹನ್ನೊಂದಾಗಿತ್ತು. ಎದ್ದು ಶೀತಕಪಾಟು ತೆರೆದು ಅಂಬ್ರೋಸ್‌ನ ನಳಿಕೆ ತೆಗೆದಳು. ಒಳಗೆ ಇನ್ನೊಂದು ಪರೀಕ್ಷೆಗಾಗುವಷ್ಟು ರಕ್ತ ಇತ್ತು. ಹಳೆಯ ಬಣ್ಣದ ಸೀಸೆಗಳು ಕೆಳಗಿನ ಅರೆಯಲ್ಲಿ, ಹಿಂದೆ, ಇನ್ನೂ ಅವಧಿ ಮೀರದೆ ಕೂತಿದ್ದವು. ಅವಳೇ ನವೆಂಬರಿನಲ್ಲಿ ಎಸೆಯದೆ ಹಿಂದೆ ಸರಿಸಿಟ್ಟಿದ್ದಳು. ಏಕೆ ಸರಿಸಿಟ್ಟೆ ಎಂದು ತನ್ನನ್ನು ಕೇಳಿಕೊಂಡಿರಲಿಲ್ಲ. ಎರಡು ಬಣ್ಣ ಹಾಕಿ, ಕತ್ತಲಲ್ಲಿ ಇಟ್ಟು, ಕೆಂಪುಕಣಗಳನ್ನು ಕರಗಿಸಿ, ಯಂತ್ರಕ್ಕೆ ಕೊಟ್ಟಳು. ಕೈ ಎಲ್ಲೂ ತಡವರಿಸಲಿಲ್ಲ, ಅದಕ್ಕೂ ಸಿಟ್ಟು ಬಂತು. ಈ ಕೈಗೆ ಇಷ್ಟು ಚೆನ್ನಾಗಿ ಗೊತ್ತಿರುವಾಗ ಇಷ್ಟು ದಿನ ಯಾರ ಅಪ್ಪಣೆಗೆ ಕಾದಿತ್ತು? ಚುಕ್ಕೆಗಳು ಬಂದವು. ಟಿ ಕಣವೇನು ಎಂದು ಕೇಳಿದೊಡನೆ ಬಾಲ ಪೂರ್ತಿ ಕಳಚಿಕೊಂಡು ಬಿತ್ತು. ಉಳಿದದ್ದು ಒಂದು ಸಣ್ಣ, ಅಚ್ಚುಕಟ್ಟಾದ, ಬಡ ಮೋಡ. ನೂರ ಹದಿನೆಂಟು.

ಪ್ರಿಂಗಲ್‌ರ ಕೋಣೆಯ ಬಾಗಿಲು ಅರೆ ತೆರೆದಿತ್ತು. ಕಾಗದವನ್ನು ಮೇಜಿನ ಮೇಲಿಟ್ಟು, "ಡೆಜಾರ್ಲೆ ಅವ್ರದು ನೂರ ಹದಿನೆಂಟು. ಎರಡಕ್ಕೆ ಮಾತ್ರೆ ನಿಲ್ಲಿಸ್ತಾರೆ," ಎಂದಳು. ಈ ಸಲ ಅನ್ಸುತ್ತೆ ಎನ್ನಲಿಲ್ಲ.

ಅವರು ಕಾಗದವನ್ನು ಓದಿ, ಬೋರಲು ಹಾಕಿದರು. ಮುಂದೆ ಯಾರೂ ಇರಲಿಲ್ಲವಾದ್ದರಿಂದ 'ತಾಯಿ'ಯೂ ಇರಲಿಲ್ಲ, ಬಹುವಚನವೂ ಇರಲಿಲ್ಲ. "ಜಸ್ಟೀನಾ, ಈ ಪರೀಕ್ಷೆ ಮಾಡು ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ."

"ಅದೇ. ಯಾರೂ ಹೇಳ್ಲಿಲ್ಲ. ಇದು ತಪ್ಪು ಅಂದ್ರೆ ನವೆಂಬರಿಂದ ಈಚೆಗಿನ ಎಲ್ಲ ವರದೀನೂ ಬಿಚ್ಚಬೇಕಾಗುತ್ತೆ. ಗೊತ್ತಾಗ್ತಿದೆಯಾ? ಎಲ್ಲ. ಅವುಗಳ ಕೆಳಗೆ ಯಾರ ಸಹಿ ಇದೆ ಹೇಳು? ನಂದಿಲ್ಲ ಅಲ್ಲಿ."

"ಬಿಚ್ಚೋಣ."

"ನಿನ್ನ ನಿವೃತ್ತಿಗೆ ಇನ್ನು ಏಳು ತಿಂಗಳು. ಒಳ್ಳೇ ಹೆಸರು ತಗೊಂಡು ಹೋಗು. ಆ ಮನುಷ್ಯನೂ ಖುಷಿಯಾಗಿರ್ತಾನೆ, ಮೈ ಕೆರ್ಕೊಳ್ಳೋದು ತಪ್ಪುತ್ತೆ." ಅವರು ಸಣ್ಣಗೆ ನಕ್ಕರು. "ನಿನಗೆ ಸಹಿ ಹಾಕೋಕೆ ಆಗಲ್ಲ ಅಂದ್ರೆ ಹಾಕ್ಬೇಡ. ಮರಿವಿಕ್‌ದು ಮೊದಲ ಸಹಿ ಇದೆ, ಎರಡನೇದು ನಾನೇ ಹಾಕ್ತೀನಿ. ಒಂದೂವರೆಗೆ ಸಭೆ ಮುಗಿಸ್ಕೊಂಡು ಬರ್ತೀನಿ, ಅಲ್ಲೀವರೆಗೆ ಇದನ್ನ ಮುಟ್ಬೇಡ."

ಹೊರಗೆ ಬಂದಾಗ ಓಣಿಯ ನೆಲ ಒರೆಸುತ್ತಿದ್ದರು, ಗೋಡೆಗೆ ಒತ್ತಿಕೊಂಡು ನಡೆಯಬೇಕಾಯಿತು. ಒತ್ತಿಕೊಂಡು ನಡೆಯುವುದು ಅವಳಿಗೆ ಅಭ್ಯಾಸವೇ. ತಲೆಯೊಳಗೆ ಉತ್ತರಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು, ಎಲ್ಲವೂ ಒಂದು ಮಹಡಿ ತಡವಾಗಿ. ಆ ಮನುಷ್ಯ ಉಸಿರು ಸಿಗದೆ ಒದ್ದಾಡುವಾಗಲೂ ಖುಷಿಯಾಗಿರುತ್ತಾನೆಯೇ? ನಿನ್ನ ಯಂತ್ರಕ್ಕೆ ಮರ್ಯಾದೆ ಬೇಕು, ಅವನ ಶ್ವಾಸಕೋಶಕ್ಕೆ ಬೇಡವೇ? ಇದೇ ಪ್ರಯೋಗಾಲಯದಲ್ಲಿ, ಎಚ್‌ಐವಿಗೆ ಮದ್ದಿಲ್ಲದ ಕಾಲದಲ್ಲಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅವಳು ಎಣಿಸುತ್ತಿದ್ದಳು; ಒಬ್ಬ ರೋಗಿಯ ಕಣ ನಾಲ್ಕು, ಆಮೇಲೆ ಮೂರು, ವಾರ ಬಿಟ್ಟು ನೋಡಿದರೆ ಹೆಸರೇ ಪಟ್ಟಿಯಲ್ಲಿಲ್ಲ. ಆಗ ಪ್ರಿಂಗಲ್ ಶಾಲೆಯಲ್ಲಿದ್ದಿರಬೇಕು, ಅಂಬ್ರೋಸ್‌ನದರಂಥದೇ ಹಳದಿ ಬಸ್ಸಿನಲ್ಲಿ ಹೋಗುತ್ತಿದ್ದಿರಬೇಕು. ಎಲ್ಲಕ್ಕಿಂತ ಉರಿಯುತ್ತಿದ್ದುದು ಅವರು ಹೇಳಿದ ಒಂದು ಮಾತು ನಿಜವಾಗಿದ್ದುದು: ಅಲ್ಲಿ ಅವರ ಸಹಿ ಇರಲಿಲ್ಲ. ಅವಳದಿತ್ತು.

ಮರಿವಿಕ್ ಡಬ್ಬಿ ತೆರೆದು ಅನ್ನ ತಿನ್ನುತ್ತಿದ್ದಳು. ಜಸ್ಟೀನಾಳ ಮುಖ ನೋಡಿ ಚಮಚ ಕೆಳಗಿಟ್ಟಳು. "ಏನಾಯ್ತಕ್ಕಾ?"

"ಬಾಲ," ಎಂದಳು ಜಸ್ಟೀನಾ. "ಬಂದು ನೋಡು. ಬೇಡ, ನೋಡ್ಬೇಡ. ನೋಡಿದ್ರೆ ನಿಂಗೆ ತೊಂದ್ರೆ."

"ಇದೊಳ್ಳೆ ಕತೆ. ನೋಡು, ನೋಡ್ಬೇಡ! ಒಂದನ್ನ ಹೇಳಿ." ಮರಿವಿಕ್ ಕುರ್ಚಿ ಎಳೆದುಕೊಂಡು ಬಂದು ಎರಡು ತೆರೆಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದಳು. ಮೌಸ್ ಹಿಡಿದು, ಯಂತ್ರದ ಗೆರೆ ಅಳಿಸಿ, ತಾನೇ ಕೈಯಿಂದ ಗೇಟು ಎಳೆದಳು. ನೂರ ಹದಿನಾರು. ಅಳಿಸಿ ಮತ್ತೆ ಎಳೆದಳು. ನೂರ ಹತ್ತೊಂಬತ್ತು. "ಅಯ್ಯೋ ದೇವ್ರೇ. ಬೆಳಗ್ಗೆ ನಾನು ಯಂತ್ರ ಕೊಟ್ಟಿದ್ದನ್ನೇ ಬರ್ದೆ. ಗೆರೆ ಕಡೆ ಕಣ್ಣೆತ್ತಿ ಸಹ ನೋಡ್ಲಿಲ್ಲ. ನೀವು ಎರಡನೇ ಸಹಿ ಹಾಕೋವಾಗ ನೋಡೇ ನೋಡ್ತೀರ ಅಂತ."

"ಡಿಸೆಂಬರಲ್ಲಿ ನೋಡಿದ್ದೆ," ಎಂದಳು ಜಸ್ಟೀನಾ. "ನೋಡಿ ಹಾಕಿದ್ದೆ."

ಮರಿವಿಕ್ ತಿರುಗಿ ಅವಳನ್ನು ನೋಡಿದ ನೋಟ ಅವಳು ಯಾರಿಂದಲೂ ಬಯಸದಂಥದ್ದಾಗಿತ್ತು. ಅದರಲ್ಲಿ ಸಿಟ್ಟಿತ್ತು, ತನ್ನದೇ ಮನೆಯ ಹಿರಿಯರು ಕಳ್ಳತನ ಮಾಡಿ ಸಿಕ್ಕಿಬಿದ್ದಾಗ ಬರುವಂಥ ಸಿಟ್ಟು. "ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ? ಪಕ್ಕದಲ್ಲೇ ಕೂತಿರ್ತೀನಲ್ಲ ದಿನಾ! ನಾನು ಅನ್ನ ತಿನ್ನೋವಾಗ ಬಾಲ ಅಂದಿದ್ರೆ ಸಾಕಿತ್ತು, ಅಕ್ಕಾ." ಎರಡನೆಯ ಸನ್ನೆ ಮೇಲಿನಿಂದಲೇ ಬರಬೇಕೆಂದು ಜಸ್ಟೀನಾ ಕಾದಿದ್ದಳು. ಮೂರು ಅಡಿ ಆಚೆ ಕೂತು ಹುರಿದ ಮೀನು ಮುರಿಯುತ್ತಿದ್ದ ಕೈಯನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇದು ಸಹಾಯಕಿಯ ಕೈ ಎಂದು, ಪ್ರಿಂಗಲ್‌ರಂತೆಯೇ.

ಅವಳು ಹೊಸ ಹಾಳೆ ತೆಗೆದುಕೊಂಡು ಬರೆದಳು. ನೂರ ಹದಿನೆಂಟು. ಅದರ ಕೆಳಗೆ, ಟಿಪ್ಪಣಿಯ ಜಾಗದಲ್ಲಿ: ಡಿಸೆಂಬರಿನ ಇನ್ನೂರ ಹದಿನಾಲ್ಕು ತಪ್ಪು ಗೇಟಿನದು, ನಂಬತಕ್ಕದ್ದಲ್ಲ; ಆ ತಪ್ಪನ್ನು ಆಗಲೇ ಕಂಡೂ ಸಹಿ ಹಾಕಿದವಳು ನಾನು. ಮೊದಲ ಸಹಿಯ ಜಾಗದಲ್ಲಿ ಜೆ.ವಿ. ಎಂದು ಬರೆದು, ಪೆನ್ನನ್ನು ಮೇಜಿನ ಮೇಲೆ ತನ್ನ ಕಡೆಯೇ ಇಟ್ಟುಕೊಂಡಳು. ಚಾಚಬಾರದು ಎಂದುಕೊಂಡಳು. ಮರಿವಿಕ್‌ಳ ಜೂನ್‌ಗೆ ಇನ್ನು ಮೂರೇ ತಿಂಗಳು.

"ಪೆನ್ನು ಕೊಡಿ," ಎಂದಳು ಮರಿವಿಕ್.

"ಮರಿವಿಕ್, ನಿಂಗೆ..."

"ಪೆನ್ನು ಕೊಡೀಂದ್ರೆ. ಒಂದು ಗಂಟೆ ಹತ್ತು ನಿಮಿಷ. ಸಭೇಲಿ ಬಿಸ್ಕತ್ತು ಮುಗಿದ್ರೆ ಅವ್ರು ಎದ್ದು ಬಂದುಬಿಡ್ತಾರೆ." ಬೆಳಗಿನ ವರದಿಯ ಮೇಲಿನ ತನ್ನ ಎಂ.ಬಿ.ಯನ್ನು ಎರಡು ಗೆರೆ ಎಳೆದು ಹೊಡೆದುಹಾಕಿ, ಹೊಸದರ ಎರಡನೆಯ ಜಾಗದಲ್ಲಿ ಬರೆದಳು. ಗಣಕಯಂತ್ರಕ್ಕೆ ಏರಿಸಿದಳು. ವರದಿ ಮೇಲಿನ ಮಹಡಿಗೆ ಹೋಯಿತು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ, "ಹಸಿವೇ ಹೋಯ್ತು," ಎಂದು ಕೈ ತೊಳೆಯಲು ಎದ್ದಳು. ಜಸ್ಟೀನಾ ಹಳೆಯ ವರದಿಗಳನ್ನು ಬಿಚ್ಚಲು ಮೇಜಿನ ಕೆಳಗಿನ ಅರೆಯಿಂದ ನವೆಂಬರ್ ಎಂದು ಬರೆದ ಪೆಟ್ಟಿಗೆ ಎಳೆದಳು.

ಪ್ರಿಂಗಲ್ ಬಂದರು, ತೆರೆ ನೋಡಿದರು, ಮರಿವಿಕ್‌ಳನ್ನು ನೋಡಿದರು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಫೋನಿನ ಮಾತು ಕೇಳುತ್ತಿತ್ತು, ತಗ್ಗಿದ ದನಿ. ಇದಕ್ಕೆ ಬೆಲೆ ತೆರಬೇಕಾಗುತ್ತದೆ, ಇವತ್ತಲ್ಲದಿದ್ದರೆ ಜೂನಿನಲ್ಲಿ. ಆದರೂ ಜಸ್ಟೀನಾಗೆ ಕೊಂಚ ಹಗುರವಾಗಿದ್ದುದು ನಿಜ. ಒಂದು ಜೀವ ಉಳಿಸಿದೆ ಎಂಬ ಬಿಸುಪು ಎದೆಯಲ್ಲಿ ಮೆಲ್ಲನೆ ಹರಡಲು ತೊಡಗಿತ್ತು. ಇದೇನು, ಬಾಲ ಕತ್ತರಿಸಿದ್ದಕ್ಕೆ ಗಂಜಿ ಮೊದಲು ಬೇಕೇ ನಿನಗೆ, ಎಂದು ಅವಳು ತನ್ನನ್ನು ಗದರಿಕೊಂಡಳು. ಎರಡೂ ನಲವತ್ತಕ್ಕೆ ಕಿಂಡಿಯ ಗಾಜನ್ನು ಯಾರೋ ಕುಟ್ಟಿದರು. ಗೆಣ್ಣಿನಿಂದಲ್ಲ, ಮುಷ್ಟಿಯಿಂದ.

ಅಂಬ್ರೋಸ್ ಡೆಜಾರ್ಲೆ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಮುಖ ಕೆಂಪಾಗಿತ್ತು. ಗಾಜಿನಾಚೆ ಬಾಯಿ ಆಡುತ್ತಿತ್ತು, ಪೂರ್ತಿ ಕೇಳುತ್ತಿರಲಿಲ್ಲ. ತಲೆಯಾಡಿಸಿದರೆ ಸಾಕು, ನಿಯಮವೂ ಅದೇ. ಅವಳು ಎದ್ದು ಹೋಗಿ ಚಿಲಕ ತೆಗೆದು ಗಾಜನ್ನು ಪಕ್ಕಕ್ಕೆ ಸರಿಸಿದಳು. ಇಷ್ಟು ವರ್ಷಗಳಲ್ಲಿ ಅದು ತೆರೆದದ್ದು ಮೊದಲ ಸಲವಿರಬೇಕು, ಕೀಲು ಕಿರುಚಿತು.

"ಅರ್ಧ!" ಎಂದ ಆತ. "ಅರ್ಧಕ್ಕರ್ಧ ಹುಡುಗರು ಎಲ್ಲಿ ಹೋದ್ರು? ಡಿಸೆಂಬರಲ್ಲಿ ಇನ್ನೂರ ಹದಿನಾಲ್ಕು ಅಂದ್ರಿ. ಮೂರು ತಿಂಗಳು ದಿನಾ ಎಣಿಸಿದೀನಿ ನಾನು. ದೋಣಿಗೆ ಬಣ್ಣ ಹೊಡ್ದು ಇಟ್ಟಿದೀನಿ, ಮೊಮ್ಮಗಳಿಗೆ ಮಾತು ಕೊಟ್ಟಿದೀನಿ. ಈಗ ಮೇಲೆ ಆ ನರ್ಸಮ್ಮ ಹೇಳ್ತಾಳೆ, ಅವ್ರು ಯಾವತ್ತೂ ಇರ್ಲೇ ಇಲ್ವಂತೆ! ಇರ್ಲೇ ಇಲ್ದೇ ಇದ್ದೋರನ್ನ ನನ್ನ ಲೆಕ್ಕಕ್ಕೆ ಬರೆದ ಪುಣ್ಯಾತ್ಗಿತ್ತಿ ಯಾರು?"

"ನಾನು," ಎಂದಳು ಜಸ್ಟೀನಾ.

ಆತ ಕಿಂಡಿಯೊಳಕ್ಕೆ ತಲೆ ಬಗ್ಗಿಸಿದ. ಈ ದನಿಯನ್ನು ಅವನು ಎಂದೂ ಕೇಳಿರಲಿಲ್ಲ. "ನೀನು. ಗಾಜಿನ ಹಿಂದೆ ತಲೆ ಆಡಿಸ್ತಿದ್ಯಲ್ಲ, ನೀನಾ?"

"ಹೌದು. ತಪ್ಪಿದೆ ಅಂತ ಕಂಡಿತ್ತು. ಕಂಡೂ ಸಹಿ ಹಾಕ್ದೆ."

"ಗೊತ್ತಿದ್ದೂ?"

"ಗೊತ್ತಿದ್ದೂ."

ಓಣಿಯಲ್ಲಿ ರಕ್ತ ಕೊಡಲು ಕೂತಿದ್ದವರು ತಿರುಗಿ ನೋಡುತ್ತಿದ್ದರು. ಹಿಂದೆ ಪ್ರಿಂಗಲ್‌ರ ಬಾಗಿಲು ತೆರೆದ ಸದ್ದಾಯಿತು. ಅಂಬ್ರೋಸ್ ಕೋಟಿನ ಜೇಬು ತಡಕಿ, ಬಸ್ಸಿನ ವೇಳಾಪಟ್ಟಿಯ ಮಡಿಚಿದ ಹಾಳೆ ತೆಗೆದು ಅದರ ಹಿಂಬದಿಯನ್ನು ಕಿಂಡಿಯ ಕಟ್ಟೆಯ ಮೇಲೆ ಹರಡಿದ. "ಬರೀತೀನಿ. ದೊಡ್ಡೋರಿಗೇ ಬರೀತೀನಿ. ನಿನ್ನ ಹೆಸ್ರು ಹೇಳು." ಅವನ ಪೆನ್ನು ಚಳಿಗೆ ಹಿಡಿದುಕೊಂಡಿತ್ತು, ಹಾಳೆಯ ಮೇಲೆ ಎರಡು ಮೂರು ಬಿಳಿ ಗೆರೆ ಎಳೆದು ನಿಂತಿತು. ಅವಳು ತನ್ನ ಪೆನ್ನನ್ನು ಕಿಂಡಿಯಿಂದ ಹೊರಗೆ ಚಾಚಿದಳು. ಆತ ಅದನ್ನು ಕಿತ್ತುಕೊಳ್ಳುವ ಹಾಗೆ ತೆಗೆದುಕೊಂಡ. ಅವಳು ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದಳು, ಒಂದನ್ನೂ ಎಡವದೆ, ಓಣಿಯ ಕೊನೆಯ ಬೆಂಚಿಗೂ ಕೇಳುವ ಹಾಗೆ. ಆತ ಬರೆದುಕೊಂಡು, ಸರಿಯಿದೆಯೇ ಎಂದು ನೋಡಲು ಅವಳ ಕೊರಳ ಚೀಟಿಯ ಕಡೆ ಬಾಗಿದ. ಅದು ಬೆನ್ನು ತೋರಿಸುತ್ತಿತ್ತು. ಅವಳು ಅದನ್ನು ತಿರುಗಿಸಿ ಹಿಡಿದಳು.

"ಕೆಳಗೇನು ಅದು? ಸಹಾಯಕಿ ಅಂತಾನಾ?"

"ಹೌದು," ಎಂದಳು. "ಅದನ್ನೂ ಬರ್ಕೊಳ್ಳಿ."